ಓಪನ್ ವಾಟರ್ ಆದ ಮೇಲೆ ಮುಂದೇನು?

ಕೇಳುಗರಿಗೆ ನಮಸ್ಕಾರ.

ಸ್ಕೂಬಾ ಡೈವಿಂಗ್‌ನ ಮೊದಲ ಕೋರ್ಸು ಮುಗಿಸಿ ಓಪನ್ ವಾಟರ್ ಕಾರ್ಡು ಪಡೆದವರಿಗೆಲ್ಲ ಬೇಗನೆ ಎದುರಾಗುವ ಪ್ರಶ್ನೆ ಒಂದಿದೆ: ಅಡ್ವಾನ್ಸ್ಡ್ ಕೋರ್ಸನ್ನೂ ಮಾಡಬೇಕೆ? ಅದು ಮುಗಿದರೆ ನೈಟ್ರಾಕ್ಸ್, ರೆಸ್ಕ್ಯೂ, ಡೀಪ್, ರೆಕ್ (ಮುಳುಗಿದ ಹಡಗಿನ ಡೈವ್), ಮಾಸ್ಟರ್ ಎಂದು ಸಾಲುಸಾಲಾಗಿ ಕೋರ್ಸುಗಳು ಕಾದಿರುತ್ತವೆ. ಒಂದೊಂದಕ್ಕೂ ಹಣ ಬೇಕು, ದಿನಗಳು ಬೇಕು. ಇವುಗಳಲ್ಲಿ ನೀರಿನೊಳಗೆ ನಿಜವಾಗಿ ಉಪಯೋಗಕ್ಕೆ ಬರುವವು ಯಾವುವು, ಬಿಟ್ಟರೂ ನಷ್ಟವಿಲ್ಲದವು ಯಾವುವು ಎಂಬುದನ್ನು ಇವತ್ತು ನೋಡೋಣ.

ಮೊದಲು ಆ ‘ಅಡ್ವಾನ್ಸ್ಡ್’ ಕೋರ್ಸಿನಲ್ಲಿ ಏನಿದೆ ಎಂದು ತಿಳಿಯಬೇಕು. ಡೈವಿಂಗ್ ತರಬೇತಿ ಕೊಡುವ ಪ್ಯಾಡಿ ಸಂಸ್ಥೆಯ ಅಡ್ವಾನ್ಸ್ಡ್ ಓಪನ್ ವಾಟರ್ ಎಂದರೆ ಐದು ಡೈವ್‌ಗಳು. ಆಳದ ಡೈವ್ ಮತ್ತು ದಿಕ್ಕು ಹಿಡಿಯುವ ಡೈವ್ ಕಡ್ಡಾಯ. ಉಳಿದ ಮೂರು ನಿಮ್ಮ ಆಯ್ಕೆ. ಓಪನ್ ವಾಟರ್ ಆದ ಕೂಡಲೇ ಸೇರಬಹುದು. ಮುಗಿಸಿದವರ ಆಳದ ಮಿತಿ 18 ಮೀಟರ್‌ನಿಂದ 30 ಮೀಟರ್‌ಗೆ ಏರುತ್ತದೆ. ಎಸ್‌ಎಸ್‌ಐ ಸಂಸ್ಥೆಯಲ್ಲಿ ಇದೇ ಅಡ್ವಾನ್ಸ್ಡ್ ಓಪನ್ ವಾಟರ್ ಹೆಸರಿನ ಕಾರ್ಡಿಗೆ ನಾಲ್ಕು ಪೂರ್ಣ ಸ್ಪೆಷಾಲಿಟಿ ಕೋರ್ಸುಗಳೂ 24 ಡೈವ್‌ಗಳ ಅನುಭವವೂ ಬೇಕು. ಒಂದೇ ಹೆಸರಿನ ಎರಡು ಕಾರ್ಡುಗಳ ಹಿಂದೆ ಇಷ್ಟು ಅಂತರವಿದೆ. ಮನರಂಜನೆಯ ಡೈವರ್‌ಗಳಿಗಾಗಿ ಇರುವ ಐಎಸ್‌ಒ 24801 ಮಾನದಂಡದಲ್ಲಂತೂ ಮೇಲ್ವಿಚಾರಣೆಯಲ್ಲಿ ಇಳಿಯುವವರು, ಸ್ವತಂತ್ರವಾಗಿ ಇಳಿಯುವವರು, ತಂಡ ನಡೆಸುವವರು ಎಂಬ ಮೂರೇ ಹಂತಗಳಿವೆ. ‘ಅಡ್ವಾನ್ಸ್ಡ್’ ಎಂಬ ಹಂತವೇ ಇಲ್ಲ.

ಆದ್ದರಿಂದ ಐದು ಡೈವ್‌ಗಳ ಆ ಕೋರ್ಸನ್ನು ‘ಶಿಕ್ಷಕರ ಜೊತೆಗಿನ ಇನ್ನೈದು ಡೈವ್’ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಮೊದಲ ಕೋರ್ಸಿನ ನಾಲ್ಕು, ಇದರ ಐದು, ಒಟ್ಟು ಒಂಬತ್ತು. ಒಂಬತ್ತು ಡೈವ್ ಮಾಡಿದವರು ಪರಿಣತರಲ್ಲ. ಆದರೂ ಈ ಕಾರ್ಡಿಗೆ ಒಂದು ನೇರ ಉಪಯೋಗವಿದೆ. 18 ಮೀಟರ್‌ಗಿಂತ ಆಳದ ತಾಣಗಳಿಗೆ ಹೋಗುವ ಅನೇಕ ದೋಣಿಗಳಲ್ಲಿ ಇದನ್ನು ಕೇಳುತ್ತಾರೆ. ಕೆಲವು ವಿಮೆಗಳು ಕಾರ್ಡಿನಲ್ಲಿರುವ ಆಳದವರೆಗೆ ಮಾತ್ರ ರಕ್ಷಣೆ ಕೊಡುತ್ತವೆ. ನೋಡಬೇಕೆಂದಿರುವ ಹಡಗಿನ ಅವಶೇಷ 25 ಮೀಟರ್‌ನಲ್ಲಿದ್ದರೆ ಕೋರ್ಸಿಗೆ ಅಷ್ಟೇ ಕಾರಣ ಸಾಕು.

ಆದರೆ 30 ಮೀಟರ್‌ಗೆ ಇಳಿಯುವವರಿಗೆ ಗಾಳಿಯ ಲೆಕ್ಕ ಬರಲೇಬೇಕು. ಅನೇಕ ಕಡೆ ಸರಿಯಾಗಿ ಕಲಿಸದೆ ಬಿಡುವ ವಿಷಯ ಇದೇ. ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ನೀರಿನ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವವರನ್ನು ತೆಗೆದುಕೊಳ್ಳಿ. 30 ಮೀಟರ್‌ನಲ್ಲಿ ಒತ್ತಡ 4 ಬಾರ್, ಅಂದರೆ ಮೇಲ್ಮೈಯ ನಾಲ್ಕು ಪಟ್ಟು. ಅಲ್ಲಿ ಅವರಿಗೆ ನಿಮಿಷಕ್ಕೆ 80 ಲೀಟರ್ ಬೇಕು. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ತುಂಬಿದರೆ 2400 ಲೀಟರ್ ಗಾಳಿ.

ಈಗ ತಳದಲ್ಲಿ ಜೊತೆಗಾರರ ಗಾಳಿ ಪೂರ್ತಿ ನಿಂತುಹೋಯಿತು, ಇಬ್ಬರೂ ನಿಮ್ಮ ಸಿಲಿಂಡರಿನಿಂದಲೇ ಉಸಿರಾಡುತ್ತ ಮೇಲೆ ಬರಬೇಕು ಎಂದುಕೊಳ್ಳಿ. ಗಾಬರಿಯಲ್ಲಿ ಉಸಿರು ಜೋರಾಗುತ್ತದೆ. ಒಬ್ಬೊಬ್ಬರಿಗೆ 30 ಲೀಟರ್ ಹಿಡಿದರೆ ಇಬ್ಬರಿಗೆ ನಿಮಿಷಕ್ಕೆ 60. ತಳದಲ್ಲಿ ಪರಿಸ್ಥಿತಿ ಸಂಭಾಳಿಸಲು ಒಂದು ನಿಮಿಷ: 60ನ್ನು 4ರಿಂದ ಗುಣಿಸಿ, 240 ಲೀಟರ್. ನಿಮಿಷಕ್ಕೆ 9 ಮೀಟರ್‌ನಂತೆ ಏರಲು ಸುಮಾರು ನಾಲ್ಕು ನಿಮಿಷ, ದಾರಿಯ ಸರಾಸರಿ ಒತ್ತಡ ಎರಡೂವರೆ ಬಾರ್: 600 ಲೀಟರ್. 5 ಮೀಟರ್‌ನಲ್ಲಿ ದೇಹ ಹೀರಿದ ಸಾರಜನಕ ಹೊರಹೋಗಲೆಂದು ಮೂರು ನಿಮಿಷ ತಂಗಲು ಒಂದೂವರೆ ಬಾರ್‌ನ ಲೆಕ್ಕದಲ್ಲಿ 270 ಲೀಟರ್. ಒಟ್ಟು 1110. ಅದನ್ನು 12ರಿಂದ ಭಾಗಿಸಿದರೆ 92 ಬಾರ್ ದಾಟುತ್ತದೆ. ‘50 ಬಾರ್ ಉಳಿಸಿಕೊಂಡು ಮೇಲೆ ಬನ್ನಿ’ ಎಂಬ ಸಾಮಾನ್ಯ ಸೂಚನೆಯನ್ನೇ ನಂಬಿ, 30 ಮೀಟರ್‌ನಲ್ಲಿ ಗೇಜು 70 ತೋರಿಸುವವರೆಗೂ ನಿಂತರೆ ಇಬ್ಬರಿಗೆ ಸಾಲುವಷ್ಟು ಗಾಳಿ ಇರುವುದಿಲ್ಲ. ಆ ಆಳದಲ್ಲಿ ಗೇಜು 100 ಮುಟ್ಟುವ ಮೊದಲೇ ಹೊರಡಬೇಕು. ಈ ಲೆಕ್ಕವನ್ನು ನಿಮ್ಮ ಸ್ವಂತ ಉಸಿರಿನ ಪ್ರಮಾಣ ಅಳೆದು, ನಿಮ್ಮಿಂದಲೇ ಮಾಡಿಸುವ ಶಿಕ್ಷಕರು ಸಿಕ್ಕರೆ ಆಳದ ಡೈವ್‌ಗೆ ಕೊಟ್ಟ ಹಣ ಸಾರ್ಥಕ.

ಆಳದಲ್ಲಿ ಇನ್ನೆರಡು ತೊಡಕುಗಳಿವೆ. ಸಾರಜನಕದ ಮಂಪರು ಸುಮಾರು 30 ಮೀಟರ್‌ನಿಂದ ಹಲವರಿಗೆ ಅನುಭವಕ್ಕೆ ಬರುತ್ತದೆ. ಯೋಚನೆ ನಿಧಾನವಾಗುತ್ತದೆ, ಗೇಜು ನೋಡಿಯೂ ಅರ್ಥವಾಗದೆ ಹೋಗಬಹುದು. ಕೆಲವು ಮೀಟರ್ ಮೇಲೇರಿದರೆ ಇಳಿಯುತ್ತದೆ. ಇನ್ನೊಂದು, ವೆಟ್‌ಸೂಟಿನ ನಿಯೋಪ್ರೀನ್ ಒತ್ತಡಕ್ಕೆ ಕುಗ್ಗಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಬಿಸಿಡಿಗೆ, ಅಂದರೆ ತೇಲುವಿಕೆ ಹೊಂದಿಸುವ ಜಾಕೆಟ್ಟಿಗೆ, ಗಾಳಿ ತುಂಬುತ್ತೀರಿ. ಮೇಲೇರುವಾಗ ಸೂಟೂ ಹಿಗ್ಗುತ್ತದೆ, ಬಿಸಿಡಿಯ ಗಾಳಿಯೂ ಹಿಗ್ಗುತ್ತದೆ. ಸ್ವಲ್ಪ ಸ್ವಲ್ಪವೇ ಹೊರಬಿಡದಿದ್ದರೆ ವೇಗ ಕೈಮೀರುತ್ತದೆ.

ಹಾಗಾಗಿ ಆಯ್ಕೆಯ ಮೂರು ಡೈವ್‌ಗಳಲ್ಲಿ ತೇಲುವಿಕೆಯ ನಿಯಂತ್ರಣವನ್ನು ಬಿಡಲೇಬೇಡಿ. ಹೊಸಬರಲ್ಲಿ ಬಹಳ ಜನ ಮುಳುಗಲೆಂದು ಅಗತ್ಯಕ್ಕಿಂತ ಹೆಚ್ಚು ಸೀಸದ ತೂಕ ಕಟ್ಟಿಕೊಂಡಿರುತ್ತಾರೆ. ಪರೀಕ್ಷೆ ಸುಲಭ: ಡೈವಿನ ಕೊನೆಗೆ ಸಿಲಿಂಡರಿನಲ್ಲಿ 50 ಬಾರ್ ಇರುವಾಗ, ಬಿಸಿಡಿ ಪೂರ್ತಿ ಖಾಲಿ ಮಾಡಿ, ಸಹಜ ಉಸಿರು ಹಿಡಿದು ಮೇಲ್ಮೈಯಲ್ಲಿ ನೇರವಾಗಿ ನಿಲ್ಲಿ. ನೀರು ಕಣ್ಣಿನ ಮಟ್ಟದಲ್ಲಿರಬೇಕು, ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ಈ ಪರೀಕ್ಷೆ ಮಾಡಿದರೆ ಎರಡು ಕಿಲೋ ಸೀಸ ಸೇರಿಸಬೇಕಾಗುತ್ತದೆ. ಏಕೆಂದರೆ ಉಸಿರಾಡಿ ಮುಗಿಸುವ 1800 ಲೀಟರ್ ಗಾಳಿಗೇ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ತೂಕವಿದೆ. ಹೆಚ್ಚಿನ ಸೀಸ ಬಿಚ್ಚಿದರೆ ಬಿಸಿಡಿಗೆ ತುಂಬುವ ಗಾಳಿ ಕಡಿಮೆಯಾಗುತ್ತದೆ, ಮೈ ಅಡ್ಡಲಾಗಿ ನಿಲ್ಲುತ್ತದೆ, ಉಸಿರಿನ ಖರ್ಚೂ ಇಳಿಯುತ್ತದೆ.

ದಿಕ್ಸೂಚಿಯ ವಿಷಯ ಚಿಕ್ಕದು. ಅದನ್ನು ಮಟ್ಟವಾಗಿ, ಮೈಯ ನಡುಗೆರೆಗೆ ನೇರವಾಗಿ ಹಿಡಿಯಬೇಕು. ವಾಲಿದರೆ ಒಳಗಿನ ತಟ್ಟೆ ಸಿಕ್ಕಿಕೊಳ್ಳುತ್ತದೆ. ಉಕ್ಕಿನ ಹಡಗಿನ ಪಕ್ಕದಲ್ಲಿ, ಅಯಸ್ಕಾಂತದ ಸ್ವಿಚ್ಚಿರುವ ಟಾರ್ಚಿನ ಹತ್ತಿರ ಅದು ತಪ್ಪು ತೋರಿಸುತ್ತದೆ. ಅಡ್ಡ ಪ್ರವಾಹವಿದ್ದರೆ ಸೂಜಿ ಸರಿಯಾಗಿದ್ದರೂ ನೀವು ಪಕ್ಕಕ್ಕೆ ಸರಿದಿರುತ್ತೀರಿ.

ಇನ್ನು ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ. ಹೆಚ್ಚು ಡೈವ್ ಮಾಡುವವರಿಗೆ ಖರ್ಚಿಗೆ ತಕ್ಕ ಫಲ ಕೊಡುವ ಕೋರ್ಸು ಇದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಪ್ಯಾಡಿಯ ಕೋಷ್ಟಕದ ಪ್ರಕಾರ 18 ಮೀಟರ್‌ನಲ್ಲಿ ಸಾಮಾನ್ಯ ಗಾಳಿಗೆ, ಮೇಲೇರುವಾಗ ನಡುವೆ ತಂಗುವುದು ಕಡ್ಡಾಯವಾಗದಂತೆ ಇರಬಹುದಾದ ಸಮಯ 56 ನಿಮಿಷ. ಶೇಕಡಾ 32 ಆಮ್ಲಜನಕದ ಮಿಶ್ರಣಕ್ಕೆ 95. 30 ಮೀಟರ್‌ನಲ್ಲಿ 20 ನಿಮಿಷ 30 ಆಗುತ್ತದೆ. ಆದರೆ ಸಿಲಿಂಡರಿನ ಗಾಳಿ ಹೆಚ್ಚುವುದಿಲ್ಲ, ಇಳಿಯಬಹುದಾದ ಆಳವೂ ಹೆಚ್ಚುವುದಿಲ್ಲ. ಆಳ ಕಡಿಮೆಯೇ ಆಗುತ್ತದೆ. ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, 1.4 ಬಾರ್ ದಾಟಬಾರದು. 1.4ನ್ನು 0.32ರಿಂದ ಭಾಗಿಸಿದರೆ 4.375 ಬಾರ್, ಅಂದರೆ ಸುಮಾರು 33 ಮೀಟರ್. 36ರ ಮಿಶ್ರಣಕ್ಕೆ 28 ಮೀಟರ್. ಮಿತಿ ಮೀರಿದರೆ ಮುನ್ಸೂಚನೆಯಿಲ್ಲದೆ ಫಿಟ್ಸ್ ಬಂದು ಬಾಯಿಂದ ಉಸಿರಾಟದ ರೆಗ್ಯುಲೇಟರ್ ಜಾರಬಹುದು. ಅದಕ್ಕಾಗಿಯೇ ಪ್ರತಿ ಸಿಲಿಂಡರನ್ನೂ ಬಳಸುವವರೇ ಅಳೆಯಬೇಕು. ಆಮ್ಲಜನಕ ಅಳೆಯುವ ಅನಲೈಸರನ್ನು ಮೊದಲು ಶುದ್ಧ ಗಾಳಿಯಲ್ಲಿ 20.9ಕ್ಕೆ ಹೊಂದಿಸಿ, ಸಣ್ಣ ಹರಿವಿನಲ್ಲಿ ಅಳೆದು, ಅಂಕಿ ನಿಂತ ಮೇಲೆ ಶೇಕಡಾವಾರು, ಗರಿಷ್ಠ ಆಳ, ದಿನಾಂಕ, ಹೆಸರನ್ನು ಸಿಲಿಂಡರಿನ ಮೇಲೆ ಬರೆಯಬೇಕು. ಸಾಮಾನ್ಯವಾಗಿ ಆಗುವ ತಪ್ಪು, ಡೈವ್ ಕಂಪ್ಯೂಟರಿನಲ್ಲಿ ಹಿಂದಿನ ಮಿಶ್ರಣದ ಅಂಕಿಯನ್ನೇ ಬಿಟ್ಟು ಇಳಿಯುವುದು.

ನೈಟ್ರಾಕ್ಸ್ ಸಮಯ ಕೊಟ್ಟರೆ, ರೆಸ್ಕ್ಯೂ ಕೋರ್ಸು ನೀರಿನಲ್ಲಿ ನಡೆದುಕೊಳ್ಳುವ ರೀತಿಯನ್ನೇ ಬದಲಿಸುತ್ತದೆ. ಅಡ್ವಾನ್ಸ್ಡ್ ಆದ ಮೇಲೆ ಒಂದೇ ಒಂದು ಕೋರ್ಸಿಗೆ ಹಣವಿದ್ದರೆ ಆಯ್ಕೆ ಇದಾಗಲಿ. ಪ್ಯಾಡಿಯಲ್ಲಿ ಇದಕ್ಕೆ ಮೊದಲು ದಿಕ್ಕು ಹಿಡಿಯುವ ಡೈವ್ ಆಗಿರಬೇಕು. 24 ತಿಂಗಳೊಳಗೆ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿಯೂ ಆಗಿರಬೇಕು. ಗಾಬರಿಗೊಂಡವರ ಬಳಿ ಈಜಿಹೋಗುವವರು ಕೈಗೆ ಸಿಗದ ದೂರದಲ್ಲೇ ನಿಂತು, ಮೊದಲು ತಮ್ಮ ಬಿಸಿಡಿಗೆ ಗಾಳಿ ತುಂಬಿಕೊಂಡು, ‘ಬಿಸಿಡಿ ತುಂಬಿ, ಸೀಸ ಬಿಡಿ’ ಎಂದು ಕೂಗಿ ಹೇಳಬೇಕು. ಕೇಳದಿದ್ದರೆ ಹಿಂದಿನಿಂದ ಬಂದು ಅವರ ಸಿಲಿಂಡರಿನ ವಾಲ್ವ್ ಹಿಡಿಯಬೇಕು. ಮುಂದಿನಿಂದ ಹೋದವರನ್ನೇ ಹಿಡಿದು ಮುಳುಗಿಸುವ ಸಂಭವವಿದೆ. ಪ್ರಜ್ಞೆ ತಪ್ಪಿದವರನ್ನು ಮೇಲೆ ತಂದು, ಮುಖ ಮೇಲಕ್ಕೆ ತಿರುಗಿಸಿ, ಇಬ್ಬರನ್ನೂ ತೇಲುವಂತೆ ಮಾಡಿ, ಉಸಿರಿದೆಯೇ ನೋಡಿ, ಲಯ ತಪ್ಪದಂತೆ ಉಸಿರು ಕೊಡುತ್ತಲೇ ಸಲಕರಣೆ ಬಿಚ್ಚುತ್ತ ದಡಕ್ಕೆ ಎಳೆಯುವ ಅಭ್ಯಾಸ ದೇಹಕ್ಕೆ ನಿಜಕ್ಕೂ ದಣಿವು ತರುತ್ತದೆ. ಪುಸ್ತಕ ಓದಿ ಇದು ಬರುವುದಿಲ್ಲ.

ಮೀನು ಗುರುತಿಸುವುದು, ದೋಣಿಯಿಂದ ಇಳಿಯುವುದು ಇಂಥವಕ್ಕೆ ಪ್ರತ್ಯೇಕ ಕಾರ್ಡು ಬೇಡ. ಒಳ್ಳೆಯ ಜೊತೆಗಾರರಿಂದ ಕಲಿಯಬಹುದು. ಪ್ಯಾಡಿಯ ಮಾಸ್ಟರ್ ಸ್ಕೂಬಾ ಡೈವರ್ ಎನ್ನುವುದು ರೆಸ್ಕ್ಯೂ, ಐದು ಸ್ಪೆಷಾಲಿಟಿ ಮತ್ತು 50 ಡೈವ್‌ಗಳಿಗೆ ಸಿಗುವ ಮನ್ನಣೆ. ಅದರಲ್ಲಿ ಹೊಸ ಪಾಠವಿಲ್ಲ. 40 ಮೀಟರ್‌ನ ಡೀಪ್ ಕೋರ್ಸು ಆ ಆಳದಲ್ಲೇ ನೋಡಬೇಕಾದದ್ದು ಇರುವವರಿಗೆ ಮಾತ್ರ. ಅದೇ ಕೋಷ್ಟಕದಲ್ಲಿ ಅಲ್ಲಿ ಗಾಳಿಗೆ ಸಿಗುವುದು 9 ನಿಮಿಷ.

ಹಣ ಕಟ್ಟುವ ಮೊದಲು ಕೇಳಿ: ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು? ಐದು ಡೈವ್ ಎಷ್ಟು ದಿನಗಳಲ್ಲಿ? ಕೌಶಲ ಬರದಿದ್ದರೆ ಮತ್ತೊಂದು ಡೈವ್ ಮಾಡಿಸುತ್ತೀರಾ? ಸಾಧ್ಯವಾದರೆ ಓಪನ್ ವಾಟರ್ ಮುಗಿದು ಹದಿನೈದು ಇಪ್ಪತ್ತು ಡೈವ್ ಆದ ಮೇಲೆ ಸೇರಿ. ಆಗ ನಿಮ್ಮ ಕೊರತೆ ಯಾವುದೆಂದು ನಿಮಗೇ ಗೊತ್ತಿರುತ್ತದೆ. ನಡುವೆ ಆರೇಳು ತಿಂಗಳು ನೀರಿಗೆ ಇಳಿಯದಿದ್ದರೆ, ಯಾವ ಕಾರ್ಡಿದ್ದರೂ ಮೊದಲ ಡೈವ್ 10 ಮೀಟರ್ ಒಳಗಿರಲಿ. ಮಾಸ್ಕಿನ ನೀರು ಹೊರಹಾಕುವುದು, ಜೊತೆಗಾರರ ಗಾಳಿ ಹಂಚಿಕೊಳ್ಳುವುದು, ಸೀಸದ ಪರೀಕ್ಷೆ, ಈ ಮೂರನ್ನೂ ಅಲ್ಲಿ ಮಾಡಿ ಮುಗಿಸಿ. ನಮಸ್ಕಾರ.