ನಾಳೆಯ ಕರೆಂಟಿಗೆ ಇವತ್ತೇ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮುಂಬೈನ ನಮ್ಮ ಮಾಟುಂಗಾದಲ್ಲಿ, ಅದೂ ಕನ್ನಡದಲ್ಲಿ, ಕರೆಂಟನ್ನು ಎಲ್ಲಿಂದ ಎಷ್ಟು ತಯಾರಿಸಬೇಕು ಅಂತ ಲೆಕ್ಕ ಹಾಕುವ ನನ್ನ ಕೆಲಸದ ಬಗ್ಗೆ ಮಾತಾಡಿ ಅಂದಾಗ ನಿಜಕ್ಕೂ ಖುಷಿಯಾಯಿತು. ಕ್ಲಾಸಿನಲ್ಲಿ ಇದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಿ ಅಭ್ಯಾಸ.

ಇಲ್ಲಿನ ಉಡುಪಿ ಹೋಟೆಲಿನಿಂದಲೇ ಶುರು ಮಾಡುತ್ತೇನೆ. ನಾಳೆ ಎಷ್ಟು ಇಡ್ಲಿ ಹೋಗಬಹುದು ಅಂತ ಹಿಂದಿನ ದಿನವೇ ಅಂದಾಜು ಮಾಡಬೇಕು, ಅಕ್ಕಿ ಉದ್ದು ನೆನೆಯಬೇಕು, ರುಬ್ಬಬೇಕು, ಹಿಟ್ಟು ಉಬ್ಬಿ ಬರಬೇಕಲ್ವಾ. ಕಾಫಿ ಹಾಗಲ್ಲ. ಗಿರಾಕಿ ಬಂದು ಕೂತ ಮೇಲೆ ಮಾಡಿದರೂ ನಡೆಯುತ್ತದೆ. ಕಲ್ಲಿದ್ದಲಿನ ಸ್ಥಾವರ ಇಡ್ಲಿ ಥರ, ತಣ್ಣಗಾದ ಬಾಯ್ಲರ್ ಮತ್ತೆ ಕಾಯಲು ಎಷ್ಟೋ ಗಂಟೆ ಬೇಕು. ಕೊಯ್ನಾ ಅಣೆಕಟ್ಟಿನಂಥ ಕಡೆಯ ಜಲವಿದ್ಯುತ್ ಕಾಫಿ ಥರ, ನಿಮಿಷಗಳಲ್ಲಿ ಸಿಗುತ್ತದೆ. ಆದರೆ ಮಿಕ್ಕ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟ ಹಾಗೆ ಇಡೀ ದೇಶದ ಕರೆಂಟನ್ನು ಎತ್ತಿಡಲು ಆಗುವುದಿಲ್ಲ. ಆ ಕ್ಷಣಕ್ಕೆ ಎಷ್ಟು ಬೇಕೋ ಅಷ್ಟೇ ತಯಾರಾಗಬೇಕು. ತಪ್ಪಿದರೆ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ, ಇರಬೇಕಾದ ಕರೆಂಟಿನ ಫ್ರೀಕ್ವೆನ್ಸಿ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಅದು ಅತಿಯಾದರೆ ಗ್ರಿಡ್, ಅಂದರೆ ಇಡೀ ವಿದ್ಯುತ್ ಜಾಲವೇ, ಬೀಳಬಹುದು.

ಹಾಗಾದರೆ ನಾಳೆ ಯಾವ ಯೂನಿಟ್ ಓಡಬೇಕು, ಯಾವುದು ಬೇಡ? ಯೂನಿಟ್ ಅಂದರೆ ಬಿಲ್ಲಿನಲ್ಲಿರುವುದಲ್ಲ, ಸ್ಥಾವರದಲ್ಲಿ ಕರೆಂಟ್ ತಯಾರಿಸುವ ಯಂತ್ರ. ಪ್ರತಿಯೊಂದೂ ಓಡಬಹುದು, ಇಲ್ಲವೇ ನಿಂತಿರಬಹುದು. 10 ಯೂನಿಟ್ ಇದ್ದರೆ 1,024 ದಾರಿ. 20 ಇದ್ದರೆ 10 ಲಕ್ಷಕ್ಕೂ ಜಾಸ್ತಿ, ಅದೂ ಒಂದೇ ಗಂಟೆಯ ಲೆಕ್ಕ. ಇದರಲ್ಲಿ ಖರ್ಚು ಕಡಿಮೆ ಇರುವ ದಾರಿ ಹುಡುಕುವುದನ್ನೇ ನಾವು ಆಪ್ಟಿಮೈಸೇಶನ್ ಅನ್ನುತ್ತೇವೆ. ಆದರೆ ಅಗ್ಗದ ದಾರಿ ಸಿಕ್ಕರೆ ಸಾಲದು ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು 2020ರ ಏಪ್ರಿಲ್ 5ರ ರಾತ್ರಿ.

ನೆನಪಿದೆಯಾ, 9 ಗಂಟೆಗೆ 9 ನಿಮಿಷ ದೀಪ ಆರಿಸಿದ್ದೆವು. ಬೇಡಿಕೆ 12,000ದಿಂದ 14,000 ಮೆಗಾವಾಟ್ ಇಳಿಯಬಹುದು ಅಂತ ಗ್ರಿಡ್ ನಡೆಸುವವರು ಅಂದಾಜು ಮಾಡಿದ್ದರು. ಇಳಿದದ್ದು ಸುಮಾರು 31,000! ಆದರೂ ಗ್ರಿಡ್ ಬೀಳಲಿಲ್ಲ, ಯಾಕೆಂದರೆ ಸಂಜೆಯೇ ನೀರು ಉಳಿಸಿಕೊಂಡು, 9ಕ್ಕೆ ಮೊದಲು ಜಲವಿದ್ಯುತ್ತನ್ನು 25,000 ಮೆಗಾವಾಟಿಗೂ ಮೇಲೆ ಏರಿಸಿ ಇಟ್ಟಿದ್ದರು, ದೀಪ ಆರುತ್ತಿದ್ದಂತೆ ಅದನ್ನು ಸರಸರ ಸುಮಾರು 8,000ಕ್ಕೆ ಇಳಿಸಿ, ಜನ ಮತ್ತೆ ಸ್ವಿಚ್ ಹಾಕಿದಾಗ ಮತ್ತೆ ಏರಿಸಿದರು. ಅಂದಾಜು ತಪ್ಪಿತ್ತು, ತಯಾರಿ ತಪ್ಪಿರಲಿಲ್ಲ. ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿ ಕೂತಿದ್ದವರ ಬಗ್ಗೆ ನನಗೆ ತುಂಬಾ ಗೌರವ.

ಅದೇ ವರ್ಷ ಅಕ್ಟೋಬರ್ 12, ಬೆಳಿಗ್ಗೆ 10ರ ಹೊತ್ತು. ಮುಂಬೈಗೆ ಕರೆಂಟ್ ತರುವ ದೊಡ್ಡ ಲೈನುಗಳಲ್ಲಿ ಒಂದು ದುರಸ್ತಿಯಲ್ಲಿತ್ತು, ಬೇರೆಯವೂ ಕೈಕೊಟ್ಟವು, ಲೋಕಲ್‌ಗಳು ಹಳಿಯ ಮೇಲೇ ನಿಂತವು. ಅದಕ್ಕೇ ನಾನೂ ನನ್ನ ವಿದ್ಯಾರ್ಥಿಗಳೂ ಗ್ರಿಡ್ಡಿನ ಕಂಪ್ಯೂಟರ್ ಮಾಡೆಲಿನಲ್ಲಿ ಒಂದೊಂದೇ ಲೈನ್ ಕಿತ್ತು ನೋಡುತ್ತೇವೆ, ಆಮೇಲೆ ಎರಡೆರಡು. ಲೈನ್ ಹೋದರೂ ಏನೂ ಆಗದಂತೆ ಹೆಚ್ಚುವರಿ ಲೈನು, ಯೂನಿಟ್ಟುಗಳನ್ನು ಮೀಸಲು ಇಡಬಹುದು, ಆದರೆ ಅದಕ್ಕೆ ದುಡ್ಡು ಬೇಕು, ಅದು ಬರುವುದು ನಿಮ್ಮ ಬಿಲ್ಲಿನಲ್ಲೇ. ಎಷ್ಟು ಜಾಸ್ತಿಯಾದರೆ ಒಪ್ಪುತ್ತೀರಿ? ಇದನ್ನು ಕಂಪ್ಯೂಟರ್ ಹೇಳುವುದಿಲ್ಲ, ನೀವೇ ಹೇಳಬೇಕು. ಅವತ್ತು ಲೋಕಲ್‌ನಲ್ಲಿ ಸಿಕ್ಕಿಹಾಕಿಕೊಂಡವರು ಯಾರಾದರೂ ಇಲ್ಲಿದ್ದರೆ ಮೊದಲು ಅವರೇ ಮಾತಾಡಲಿ.