ತೋಟದ ಮಳೆಮಾಪಕಕ್ಕೆ ಎಂಥ ಚಿಪ್ ಬೇಕು?

ಕೇಳುಗರಿಗೆ ನಮಸ್ಕಾರ.

ಮಾರ್ಚ್, ಏಪ್ರಿಲ್ ಬಂತೆಂದರೆ ಮೂಡಿಗೆರೆ, ಸಕಲೇಶಪುರದ ಕಾಫಿ ಬೆಳೆಗಾರರ ಬಾಯಲ್ಲಿ ಒಂದೇ ಮಾತು: "ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಿತ್ತು?" ನೂರು ಸೆಂಟ್ಸ್ ಅಂದರೆ ಒಂದು ಇಂಚು. ಕಾಫಿ ಹೂ ಅರಳಲು ಬೇಕಾದ ಹೂಮಳೆ ಸಾಲದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಆದರೆ ಗುಡ್ಡದಾಚೆ ಎಷ್ಟು ಬಿತ್ತು ಅಂತ ಮನೆಯಲ್ಲಿ ಕೂತು ಹೇಳುವುದು ಹೇಗೆ? ಅಲ್ಲಿ ಕರೆಂಟೂ ಇರುವುದಿಲ್ಲ.

ಇಂಥ ಜಾಗಕ್ಕೆ ಹೇಳಿ ಮಾಡಿಸಿದ್ದು ಕಡಿಮೆ ವಿದ್ಯುತ್ ಬಳಸುವ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್. ಮಳೆಮಾಪಕದ ಒಳಗೆ ಇಣುಕಿ ನೋಡಿ. ಆಲಿಕೆಯ ಕೆಳಗೆ ಜೋಡಿ ಬಟ್ಟಲು. ಒಂದು ತುಂಬಿದ ಕೂಡಲೇ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲುವಾಗ ಪುಟ್ಟ ಆಯಸ್ಕಾಂತವೊಂದು ಸ್ವಿಚ್ ಮುಂದೆ ಹಾದುಹೋಗುತ್ತದೆ. ಮಲಗಿದ್ದ ಚಿಪ್ ಆಗ ಎಚ್ಚರವಾಗುತ್ತದೆ, ಒಂದು ಎಣಿಸುತ್ತದೆ, ಮತ್ತೆ ಮಲಗುತ್ತದೆ. ಒಂದು ಸಲ ವಾಲಿದರೆ 0.2 ಮಿಲಿಮೀಟರ್ ಮಳೆ ಎಂದರೆ, ಇಂಚು ಮಳೆಗೆ 127 ಸಲ ವಾಲುತ್ತದೆ.

ಈ ನಿದ್ದೆಯೇ ಅದರ ದೊಡ್ಡ ಗುಣ ಅನ್ನುತ್ತೇನೆ ನಾನು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಎಸ್‌ಪಿ430 ತರಹದ ಚಿಪ್ ಮಲಗಿದಾಗ ಎಳೆಯುವುದು ಸುಮಾರು 1 ಮೈಕ್ರೋಆಂಪ್ ಕರೆಂಟ್, ಅಂದರೆ ಒಂದು ಆಂಪ್‌ನ ಹತ್ತು ಲಕ್ಷದಲ್ಲೊಂದು ಪಾಲು. ಒಂದು ಸಿಆರ್2032 ಬಿಲ್ಲೆ ಸೆಲ್‌ನಲ್ಲಿ ಸುಮಾರು 220 ಮಿಲಿಆಂಪ್-ಅವರ್, ಅಂದರೆ 1 ಮಿಲಿಆಂಪ್‌ನಂತೆ 220 ಗಂಟೆ ಕೊಡುವಷ್ಟು ಇರುತ್ತದೆ. ಲೆಕ್ಕ ಹಾಕಿದರೆ 25 ವರ್ಷ! ಅಷ್ಟರೊಳಗೆ ಸೆಲ್ಲೇ ಹಳತಾಗುತ್ತದೆ, ಆ ಮಾತು ಬೇರೆ.

ಎಣಿಸಿದ್ದನ್ನು ಹೇಳಬೇಕಲ್ವಾ? ಅದಕ್ಕೆ ಸೀರಿಯಲ್ ಪೋರ್ಟ್, ಅಂದರೆ ಮಾಹಿತಿಯನ್ನು ಒಂದೊಂದೇ ಬಿಟ್ ಆಗಿ ಕಳಿಸುವ ದಾರಿ, ಚಿಪ್‌ನೊಳಗೇ ಇದೆ. ಕಳಿಸಲು ಒಂದು ತಂತಿ, ಕೇಳಲು ಒಂದು, ಜೊತೆಗೆ ಗ್ರೌಂಡ್. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರಕ್ಕೆ ಹತ್ತು ಬಿಟ್: ಎಂಟು ಮಾಹಿತಿಗೆ, ಶುರುವಿಗೊಂದು, ಕೊನೆಗೊಂದು. ಇಪ್ಪತ್ತು ಅಕ್ಷರದ ವರದಿ ಸುಮಾರು 21 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಕೆಲವು ಚಿಪ್‌ಗಳಂತೂ ಶುರುವಿನ ಬಿಟ್ ಬಂದ ಕೂಡಲೇ ತಾವೇ ಎದ್ದು ಕೇಳಿಸಿಕೊಳ್ಳುತ್ತವೆ. ಬರೀ ತಂತಿಯಲ್ಲಿ ಈ ಮಾತು ಕೆಲವೇ ಮೀಟರ್ ಸಾಗುತ್ತದೆ. ಸಂಕೇತವನ್ನು ದೂರಕ್ಕೆ ಕಳಿಸುವ ಆರ್‌ಎಸ್-485 ಎಂಬ ಪದ್ಧತಿಯ ಚಿಪ್ ಜೋಡಿಸಿದರೆ, ಹೆಣೆದ ಜೋಡಿ ತಂತಿಯಲ್ಲಿ 1200 ಮೀಟರ್‌ವರೆಗೂ ಹೋಗಬಹುದು. ಕೆಲಸವಿಲ್ಲದಾಗ ಆ ಭಾಗಕ್ಕೂ ಕರೆಂಟ್ ನಿಲ್ಲಿಸಿಬಿಡಿ.

ಅಂಗಡಿಯಲ್ಲಿ ಚಿಪ್ ಕೊಳ್ಳುವಾಗ ಎಷ್ಟು ಮೆಗಾಹರ್ಟ್ಸ್ ಅಂತ ಕೇಳುವವರೇ ಜಾಸ್ತಿ. ಮಳೆ ಎಣಿಸಲು ಆ ವೇಗ ಬೇಡ. ಮಲಗಿದಾಗ ಎಷ್ಟು ಎಳೆಯುತ್ತದೆ, ಎಷ್ಟು ಬೇಗ ಏಳುತ್ತದೆ, ಇದನ್ನು ಕೇಳಿ. ಬೋರ್ಡ್ ಮೇಲಿನ ಪವರ್ ಎಲ್‌ಇಡಿಯನ್ನೂ ನೋಡಿಕೊಳ್ಳಿ. ಅದು ಸುಮ್ನೆ 2 ಮಿಲಿಆಂಪ್ ಎಳೆಯುತ್ತಿದ್ದರೆ ಅದೇ ಬಿಲ್ಲೆ ಸೆಲ್ ಐದು ದಿನವೂ ಬಾಳುವುದಿಲ್ಲ. ಗುಡ್ಡಕ್ಕೆ ಒಯ್ಯುವ ಮೊದಲು ಅದನ್ನು ಕಿತ್ತುಹಾಕಿ.

ನಮಸ್ಕಾರ.