ನಿಂಬೆಹಣ್ಣು ಮುಖಕ್ಕಲ್ಲ, ಮಂಡಕ್ಕಿಗೆ

ನಮಸ್ಕಾರ. ಈಗ ನೀವು ನೋಡುತ್ತಿರುವುದು ದಾವಣಗೆರೆಯ ಗಡಿಯಾರ ಕಂಬದ ಸುತ್ತಮುತ್ತಲಿನ ಪೇಟೆ. ಬೆಳಗ್ಗೆ ಹತ್ತಕ್ಕೇ ಬಿಸಿಲು ಹೇಗೆ ಚುರುಗುಟ್ಟುತ್ತಿದೆ ನೋಡಿ. ಇವತ್ತಿನ ವಿಡಿಯೋದಲ್ಲಿ ಅರ್ಧ ಕಿತಾಪತಿ ಈ ಬಿಸಿಲಿನದ್ದೇ.

ಮುಖಕ್ಕೆ ಏನು ಹಚ್ಚಬೇಕು ಎಂದು ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ನಾನು ಏನು ಹಚ್ಚಬಾರದು ಎಂದು ಹೇಳುತ್ತೇನೆ. ಅಡುಗೆಮನೆ, ಹಿತ್ತಲು, ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ವಸ್ತುಗಳನ್ನೇ "ನ್ಯಾಚುರಲ್ ಅಲ್ವಾ, ಏನಾಗುತ್ತೆ ಬಿಡು" ಎಂದು ಬಳಿದುಕೊಳ್ಳುತ್ತೇವಲ್ಲ, ಅವುಗಳ ಬಗ್ಗೆ.

ಈ ನಿಂಬೆಹಣ್ಣಿನ ಬುಟ್ಟಿಯಿಂದಲೇ ಶುರು ಮಾಡೋಣ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ, ಅದು ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರಿತು ಎಂದು ಅರ್ಥ. ನಿಂಬೆರಸದ ಪಿಎಚ್ ಸುಮಾರು 2. ನಮ್ಮ ಚರ್ಮದ ಮೇಲ್ಪದರದ್ದು ಸುಮಾರು 5. ಅಂದರೆ ರಸ ನಮ್ಮ ಚರ್ಮಕ್ಕಿಂತ ಸಾವಿರ ಪಟ್ಟು ಹುಳಿ. ಉರಿಯುವುದು ಅದಕ್ಕೇ. "ಉರಿದರೆ ಕೆಲಸ ಮಾಡ್ತಿದೆ ಅಂತ ಅರ್ಥ" ಎಂದು ಹೇಳುವವರಿದ್ದಾರೆ. ಉರಿದರೆ ಚರ್ಮ ಸುಡುತ್ತಿದೆ ಅಂತ ಅರ್ಥ, ಅಷ್ಟೇ.

ಆದರೆ ಹುಳಿಗಿಂತ ದೊಡ್ಡ ತೊಂದರೆ ಬೇರೆ ಇದೆ. ನಿಂಬೆಯಲ್ಲಿ ಫ್ಯೂರೋಕೂಮರಿನ್ ಎಂಬ ರಾಸಾಯನಿಕಗಳಿವೆ. ಹುಳು, ಶಿಲೀಂಧ್ರ ಹತ್ತಿರ ಬರದ ಹಾಗೆ ಗಿಡ ತನಗಾಗಿ ಮಾಡಿಕೊಂಡ ಔಷಧ ಅದು. ಚರ್ಮದ ಮೇಲೆ ಸುಮ್ನೆ ಇದ್ದರೆ ಅದು ಏನೂ ಮಾಡುವುದಿಲ್ಲ. ಬಿಸಿಲಿನ ಯುವಿ-ಎ ಕಿರಣ ಬಿತ್ತು ಅನ್ನಿ, ಚರ್ಮದ ಜೀವಕೋಶಗಳ ಡಿಎನ್‌ಎಗೇ ಹೋಗಿ ಅಂಟಿಕೊಳ್ಳುತ್ತದೆ. ಇದಕ್ಕೆ ಅಲರ್ಜಿ ಇರಬೇಕಾಗಿಲ್ಲ. ರಸ ಸಾಕಷ್ಟಿದ್ದು ಬಿಸಿಲೂ ಸಾಕಷ್ಟಿದ್ದರೆ ಯಾರಿಗಾದರೂ ಆಗುತ್ತದೆ.

ಮೋಸ ಎಲ್ಲಿದೆ ಅಂದರೆ, ಇದು ತಕ್ಷಣ ಕಾಣುವುದಿಲ್ಲ. ಒಂದು ದಿನದ ಮೇಲೆ ಕೆಂಪಾಗಿ ಉರಿ ಶುರುವಾಗುತ್ತದೆ, ಎರಡನೇ ಮೂರನೇ ದಿನಕ್ಕೆ ಜೋರಾಗುತ್ತದೆ. ಕೆಲವರಿಗೆ ಬೊಬ್ಬೆ ಏಳುತ್ತದೆ. ಅಷ್ಟು ಹೊತ್ತಿಗೆ ಭಾನುವಾರ ಹಚ್ಚಿದ ನಿಂಬೆರಸ ಮರೆತೇ ಹೋಗಿರುತ್ತದೆ. ನಿನ್ನೆ ತಿಂದ ಬದನೆಕಾಯಿ ಪಲ್ಯದ ಮೇಲೆ ತಪ್ಪು ಹೊರಿಸುತ್ತಾರೆ. ಆಮೇಲೆ ಉಳಿಯುವುದು ಕಪ್ಪು ಕಲೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಬೆಳ್ಳಗಾಗಲಿ ಎಂದು ಹಚ್ಚಿದ್ದು ಕಪ್ಪು ಮಾಡಿ ಹೋಗುತ್ತದೆ. (ಬೆಳ್ಳಗಾಗುವ ಆಸೆಯ ಬಗ್ಗೆ ನನಗೆ ಹೇಳಲು ಬಹಳ ಇದೆ, ಅದು ಇನ್ನೊಂದು ವಿಡಿಯೋ.)

ಇನ್ನೊಂದು ವಿಷಯ. ಹೊರದೇಶದ ವಿಡಿಯೋಗಳಲ್ಲಿ ಕಾಣುವ ದಪ್ಪ ಹಳದಿ ಲೆಮನ್ ಬೇರೆ, ನಮ್ಮ ಸಣ್ಣ ನಿಂಬೆಹಣ್ಣು ಬೇರೆ. ನಮ್ಮದು ಲೈಮ್ ಜಾತಿ. ಈ ರೀತಿಯ ಸುಟ್ಟಗಾಯಕ್ಕೆ ಹೆಚ್ಚು ಹೆಸರಾಗಿರುವುದೇ ಲೈಮ್. ಅದರಲ್ಲೂ ಸಿಪ್ಪೆಯಲ್ಲಿ ಈ ರಾಸಾಯನಿಕ ತಿರುಳಿಗಿಂತ ಬಹಳ ಜಾಸ್ತಿ. ನಾವು ಮಾಡುವುದೇನು? ಹಿಂಡಿದ ಹೋಳನ್ನು ಸಕ್ಕರೆಯಲ್ಲಿ ಅದ್ದಿ, ಸಿಪ್ಪೆ ಸಮೇತ ಮುಖಕ್ಕೆ ಉಜ್ಜುತ್ತೇವೆ! ಆಮೇಲೆ ಸ್ಕೂಟಿ ಹತ್ತಿ ಹೊರಡುತ್ತೇವೆ. ಮನೆಯೊಳಗೇ ಇರುತ್ತೇನೆ ಅಂದರೂ, ಕಿಟಕಿ ಗಾಜಿನ ಮೂಲಕ ಯುವಿ-ಎ ಒಳಗೆ ಬರುತ್ತದೆ. ರಾಮನವಮಿಗೆ ರಾಶಿ ನಿಂಬೆಹಣ್ಣು ಹಿಂಡಿ ಪಾನಕ ಮಾಡುತ್ತೀರಲ್ಲ, ಆಗಲೂ ಕೈಯನ್ನು ಸೋಪು ಹಾಕಿ ತೊಳೆದೇ ಬಿಸಿಲಿಗೆ ಹೋಗಿ.

ಈಗ ಗ್ರಂಥಿಗೆ ಅಂಗಡಿಗೆ ಬಂದೆವು. "ಅಣ್ಣ, ಬಾವಂಚಿ ಐತಾ?" ಎಂದೆ, ತಕ್ಷಣ ತೆಗೆದುಕೊಟ್ಟರು. ಈ ಕಪ್ಪು ಬೀಜ ನೋಡಿ. ತೊನ್ನಿಗೆ ನಮ್ಮಲ್ಲಿ ಬಹಳ ಹಿಂದಿನಿಂದ ಬಳಸುವ ಔಷಧ. ಇದರಲ್ಲಿರುವುದು ಸೊರಾಲೆನ್. ನಿಂಬೆಯಲ್ಲಿ ಇದೆ ಎಂದೆನಲ್ಲ, ಅದೇ ಕುಟುಂಬದ್ದು. ಚರ್ಮದ ಡಾಕ್ಟರುಗಳು ತೊನ್ನಿಗೆ ಸೊರಾಲೆನ್ ಕೊಟ್ಟು, ಅಳತೆ ಮಾಡಿ ಯುವಿ-ಎ ಬೆಳಕು ಹಾಯಿಸುವ ಚಿಕಿತ್ಸೆಯೂ ಇದೆ, ಪೂವಾ ಎನ್ನುತ್ತಾರೆ. ಅಲ್ಲಿ ಪ್ರಮಾಣ ಲೆಕ್ಕ ಹಾಕಿರುತ್ತಾರೆ, ಬೆಳಕನ್ನು ಎಷ್ಟು ಹೊತ್ತು ಎಂದೂ ನೋಡುತ್ತಾರೆ. ಮನೆಯಲ್ಲಿ ಬೀಜ ಅರೆದು ಹಚ್ಚಿಕೊಂಡು ಮಾಳಿಗೆ ಹತ್ತಿ ಕೂತರೆ ಆ ಲೆಕ್ಕ ಯಾರು ಇಡುತ್ತಾರೆ?

ಇದನ್ನು ಇಷ್ಟು ಹೇಳಲು ಕಾರಣವಿದೆ. ಈಗ ಆನ್‌ಲೈನಿನಲ್ಲಿ ಬಕುಚಿಯೋಲ್ ಸೀರಮ್ಮುಗಳದ್ದೇ ಭರಾಟೆ, "ಗಿಡದ ರೆಟಿನಾಲ್" ಎಂಬ ಹೆಸರಲ್ಲಿ. (ರೆಟಿನಾಲ್ ಅಂದರೆ ಸುಕ್ಕು, ಕಲೆಗೆ ಹಚ್ಚುವ ವಿಟಮಿನ್ ಎ ರೂಪ.) ಅದು ಈ ಬಾವಂಚಿಯಿಂದ ಬೇರ್ಪಡಿಸಿ ಶುದ್ಧ ಮಾಡಿದ ಒಂದು ಅಂಶ. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಬಂದ ಸಣ್ಣ ಅಧ್ಯಯನವೊಂದರಲ್ಲಿ, 44 ಜನರ ಮೇಲೆ 12 ವಾರ ನೋಡಿದಾಗ, ಸುಕ್ಕು ಮತ್ತು ಕಲೆ ಕಡಿಮೆ ಮಾಡುವುದರಲ್ಲಿ ಅದು ರೆಟಿನಾಲ್‌ಗೆ ಸಮನಾಗಿ ನಿಂತಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ "ಅದೇ ಗಿಡ ತಾನೇ" ಎಂದು ಕಡಿಮೆ ದುಡ್ಡಿಗೆ ಬಾವಂಚಿ ಎಣ್ಣೆ ಕೊಂಡರೆ, ಶುದ್ಧ ಮಾಡುವಾಗ ತೆಗೆಯಬೇಕಿದ್ದ ಸೊರಾಲೆನ್ ಕೂಡ ಮುಖಕ್ಕೆ ಬರುತ್ತದೆ.

ರಸ್ತೆ ಬದಿಯಲ್ಲಿ ಇದು ಎಕ್ಕದ ಗಿಡ. ರಥಸಪ್ತಮಿಗೆ ಇದರ ಎಲೆ ತಲೆ, ಭುಜದ ಮೇಲಿಟ್ಟು ಸ್ನಾನ ಮಾಡುತ್ತೇವೆ. ಮುಳ್ಳು ಚುಚ್ಚಿದರೆ, ನರೂಲಿ ಎದ್ದರೆ ಇದರ ಹಾಲು ಬಿಡುವವರು ಇನ್ನೂ ಇದ್ದಾರೆ. ಮುಖದ ಹತ್ತಿರ ಮಾತ್ರ ಬೇಡವೇ ಬೇಡ. ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಊದಿಕೊಂಡು ದೃಷ್ಟಿ ಮಂಜಾಗುತ್ತದೆ. ನೋವು ಜಾಸ್ತಿ ಇಲ್ಲದೆಯೂ ಹೀಗಾಗಬಹುದು, ಹಾಗಾಗಿ ಜನ ತಡ ಮಾಡುತ್ತಾರೆ. ಸಿಡಿದರೆ ನೀರಿನಲ್ಲಿ ಚೆನ್ನಾಗಿ ತೊಳೆದು ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಮದುವೆ ಸೀಸನ್ನಿನಲ್ಲಿ ಕಪ್ಪು ಮೆಹಂದಿ. ಗೋರಂಟಿ ಗಿಡದ ಬಣ್ಣ ಕೇಸರಿಯಿಂದ ಕೆಂಪು-ಕಂದು, ಅಷ್ಟೇ. ಹಚ್ಚಿದ ಸ್ವಲ್ಪ ಹೊತ್ತಿಗೇ ಕಪ್ಪಗೆ ಮಿಂಚಿದರೆ ಅದರಲ್ಲಿ ಪಿಪಿಡಿ ಎಂಬ ರಾಸಾಯನಿಕ ಬಣ್ಣ ಬೆರೆಸಿರುವ ಸಾಧ್ಯತೆ ಹೆಚ್ಚು. ಹೇರ್ ಡೈನಲ್ಲಿ ಇರುವುದೂ ಅದೇ. ಒಮ್ಮೆ ಅಲರ್ಜಿ ಹತ್ತಿಕೊಂಡರೆ ಸಾಮಾನ್ಯವಾಗಿ ಬಿಡುವುದಿಲ್ಲ. ವರ್ಷಗಳ ನಂತರ ತಲೆಗೆ ಡೈ ಹಚ್ಚಿದಾಗ ಮುಖವೆಲ್ಲ ಊದಬಹುದು. ಮಕ್ಕಳ ಕೈಗಂತೂ ಹಾಕಿಸಲೇಬೇಡಿ. ಪೊಟ್ಟಣದ ಮೇಲೆ ಎಲೆ ಚಿತ್ರ, "ಹರ್ಬಲ್" ಎಂಬ ಪದ ಇದ್ದಮಾತ್ರಕ್ಕೆ ನಂಬಬೇಡಿ, ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ.

ಅಡುಗೆಮನೆಯದ್ದು ಬೇಗ ಮುಗಿಸುತ್ತೇನೆ. ಅಡುಗೆ ಸೋಡಾ: ಪಿಎಚ್ 8ರ ಮೇಲೆ, ಚರ್ಮಕ್ಕೆ ಬೇಕಾದ ಹುಳಿಯನ್ನೇ ತೆಗೆದು ಒಣಗಿಸುತ್ತದೆ. ಅದನ್ನು ಮೆಣಸಿನಕಾಯಿ ಬಜ್ಜಿ ಮಾಡುವವರಿಗೆ ಬಿಡಿ. ಹುಳುಕಡ್ಡಿಗೆ ಹಸಿ ಬೆಳ್ಳುಳ್ಳಿ ಜಜ್ಜಿ ಬಟ್ಟೆ ಕಟ್ಟುವುದು: ಹುಳುಕಡ್ಡಿ ಹಾಗೇ ಇರುತ್ತದೆ, ಮೇಲೆ ಸುಟ್ಟಗಾಯ ಸೇರುತ್ತದೆ. ಚಕ್ಕೆ ಪುಡಿ ಪ್ಯಾಕ್: ಅಲರ್ಜಿ ಆಗುವವರು ಕಡಿಮೆ ಇಲ್ಲ. ಲೋಳೆಸರ ಒಳ್ಳೆಯದೇ, ಆದರೆ ಎಲೆ ಕತ್ತರಿಸಿದ ಕೂಡಲೇ ಜಿನುಗುವ ಹಳದಿ ರಸ ಚರ್ಮ ಕೆರಳಿಸುತ್ತದೆ. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಅದು ಇಳಿದುಹೋದ ಮೇಲೆ, ತೊಳೆದು, ಒಳಗಿನ ಬಿಳಿ ಲೋಳೆ ಮಾತ್ರ ತಗೊಳ್ಳಿ.

ಕೊಬ್ಬರಿ ಎಣ್ಣೆಗೆ ನಾನು ಅಷ್ಟು ಬೈಯಲ್ಲ. ಚಳಿಗಾಲದಲ್ಲಿ ಬಿರಿಯುವ ಕೈಕಾಲಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊಡವೆ ಏಳುವ ಮುಖಕ್ಕೆ ಬೇಡ, ರಂಧ್ರ ಮುಚ್ಚುತ್ತದೆ. ತಲೆಹೊಟ್ಟು ಇರುವವರಿಗೂ ಬೇಡ, ಹೊಟ್ಟಿಗೆ ಜೊತೆಯಾಗುವ ಶಿಲೀಂಧ್ರ ಎಣ್ಣೆಯ ಕೊಬ್ಬನ್ನೇ ತಿಂದು ಬೆಳೆಯುತ್ತದೆ.

"ನಮ್ಮಜ್ಜಿ ಏನೆಲ್ಲಾ ಹಚ್ಚಿದರು, ಏನಾಯಿತು?" ಎಂದು ನಮ್ಮ ಚಿಕ್ಕಮ್ಮ ಕೇಳುತ್ತಲೇ ಇರುತ್ತಾರೆ. ಚಿಕ್ಕಮ್ಮ, ನಿಮ್ಮಜ್ಜಿ ಹಚ್ಚಿದ್ದು ಕಡಲೆಹಿಟ್ಟು, ಮೊಸರು. ಇವತ್ತಿಗೂ ಹೆಚ್ಚಿನವರಿಗೆ ಅದರಿಂದ ತೊಂದರೆ ಇಲ್ಲ. ನಿಂಬೆಹಣ್ಣು ಅವರ ಉಪ್ಪಿನಕಾಯಿ ಭರಣಿಯಲ್ಲೇ ಇತ್ತು.

ಹೊಸದು ಏನೇ ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಜಾಗಕ್ಕೆ ದಿನಕ್ಕೆ ಎರಡು ಸಲ, 7ರಿಂದ 10 ದಿನ ಹಚ್ಚಿ ನೋಡಿ. ಒಂದು ಸಲ ತಾಗಿಸಿ ಐದು ನಿಮಿಷ ಕಾದರೆ ಸಾಲದು, ಅಲರ್ಜಿ ಎರಡು ಮೂರು ದಿನ ಬಿಟ್ಟೂ ಬರುತ್ತದೆ. ಬಿಸಿಲಿಗೆ ಕೆರಳುವ ವಸ್ತುಗಳಿಗೆ ಮಾತ್ರ ಈ ಪರೀಕ್ಷೆಯನ್ನು ನೆಚ್ಚಬೇಡಿ, ಅಂಗಿಯ ತೋಳಿನ ಕೆಳಗೆ ಬಿಸಿಲೆಲ್ಲಿ?

ಈಗಾಗಲೇ ಕಲೆ ಬಿದ್ದಿದ್ದರೆ, ಅದರ ಮೇಲೆ ಇನ್ನೊಂದು ಮನೆಮದ್ದು ಬೇಡ. ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ಕೊಳ್ಳುವ ಬಿಳಿ ಮಾಡುವ ಕ್ರೀಮೂ ಬೇಡ. ಅವುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಇರುವಂಥವು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಎಸ್‌ಪಿಎಫ್ 30 ಅಥವಾ ಮೇಲಿನ, ಯುವಿ-ಎ ತಡೆಯುವ ಸನ್‌ಸ್ಕ್ರೀನ್ ಹಚ್ಚಿ, ಹೊರಗೆ ಹೋಗುವಾಗ ದುಪಟ್ಟಾ ಸುತ್ತಿಕೊಳ್ಳಿ. ಬೊಬ್ಬೆ ಎದ್ದಿದ್ದರೆ ಒಡೆಯದೆ ಚರ್ಮದ ಡಾಕ್ಟರಿಗೆ ತೋರಿಸಿ, ಏನು ಹಚ್ಚಿದ್ದಿರಿ ಎಂದು ನಾಚಿಕೊಳ್ಳದೆ ಹೇಳಿ.